ನಮ್ಮ ಮನೆಯ ಒಂದು ಆತ್ಮ

ಗಾಳಿ ನಿಲ್ಲುವ ಲಕ್ಷಣವಿರಲಿಲ್ಲ, ಆದ್ದರಿಂದ ದೋಣಿಯೂ ಬರುತ್ತಿರಲಿಲ್ಲ. ಮಾರ್ಯುನ್‌ಳ ಚೀಲ ಮಲಗುವ ಕೋಣೆಯ ಬಾಗಿಲ ಹಿಂದೆ ಸಿದ್ಧವಾಗಿತ್ತು. ದೋಣಿ ಬಂದ ದಿನವೇ ದೊಡ್ಡ ದ್ವೀಪದ ತೋರ್ಸ್‌ಹಾವ್ನ್ ಪಟ್ಟಣದಲ್ಲಿರುವ ಅಕ್ಕ ಎಲ್ಸ್‌ಬಾಳ ಮನೆಗೆ ಹೊರಟುಬಿಡಬೇಕೆಂದು ಅವಳು ತೀರ್ಮಾನಿಸಿಯಾಗಿತ್ತು. ಗಂಡ ಹಾನುಸ್ ಮೀನು ಹಡಗಿನಲ್ಲಿದ್ದ, ಈಸ್ಟರ್‌ಗೆ ಮೊದಲು ಬರುವವನಲ್ಲ. ಅವನ ತಾಯಿ ಹೆರ್ಬೋರ್ ಸೊಂಟ ಮುರಿದುಕೊಂಡು ನಡುಮನೆಯ ಕಿಟಕಿಯ ಪಕ್ಕ ಮಂಚ ಹಿಡಿದಿದ್ದಳು. ಸೊಸೆ ಹೋದರೆ ಮುದುಕಿ ಈ ದ್ವೀಪ ಬಿಟ್ಟು ವೃದ್ಧಾಶ್ರಮ ಸೇರಬೇಕು. ಅಲ್ಲಿಗೆ ಹೋದವರು ಯಾರೂ ತಿರುಗಿ ಬಂದದ್ದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

“ಈ ಆಲೂಗಡ್ಡೆ ಬೇಯಿಸಿದ್ದಾ, ಬರೀ ನೆನೆಸಿದ್ದಾ?” ಎಂದಳು ಹೆರ್ಬೋರ್.

“ಬೇಯಿಸಿದ್ದೇ ಅತ್ತೆ.”

“ಹಾಗಾದ್ರೆ ಒಲೆಗೆ ಆ ವಿಷಯ ಯಾರೂ ಹೇಳಿಲ್ಲ ಅನ್ಸುತ್ತೆ.”

ಮಾರ್ಯುನ್ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಬಾಗಿಲು ಮುಚ್ಚಿ ಅಕ್ಕನಿಗೆ ಫೋನ್ ಮಾಡಿದಳು. ಇದು ಅವಳ ನಿತ್ಯದ ಪಾಠ. ಆಲೂಗಡ್ಡೆಯಿಂದ ಶುರುವಾಗಿ ಪರದೆ, ಗಾಳಿ, ಹಾನುಸ್, ದೋಣಿ ಕಂಪನಿ, ಕೊನೆಗೆ ತನ್ನ ಹಣೆಬರಹ. “ಹೂಂ, ಆಮೇಲೆ?” ಎನ್ನುತ್ತಿದ್ದಳು ಎಲ್ಸ್‌ಬಾ, ಧಾರಾವಾಹಿ ಕೇಳುವವಳ ಹಾಗೆ. ಫೋನ್ ಇಡುವಾಗ ಮಾರ್ಯುನ್‌ಗೆ ಹಗುರಾಗಬೇಕಿತ್ತು. ಆದರೆ ಪ್ರತಿ ಸಲವೂ ಅಡುಗೆಮನೆ ಸ್ವಲ್ಪ ಕಿರಿದಾದಂತೆ ಅನಿಸುತ್ತಿತ್ತು.

“ನೀನು ಸಭೆಯಲ್ಲಿ ಪ್ರಾರ್ಥನೆಗೆ ವಿಷಯ ಕೊಡಬಾರದಾ?” ಎಂದಳು ಎಲ್ಸ್‌ಬಾ ಆ ದಿನ. “ಆ ಮುದುಕಿ ಬಾಯಿಗೆ ದೇವರೇ ಬೀಗ ಹಾಕ್ಬೇಕು.”

ಮಾರ್ಯುನ್ ಮದುವೆಯಾಗಿ ಬಂದ ಮೇಲೆ ದ್ವೀಪದ ಈ ಕ್ರೈಸ್ತ ಸಭೆಗೆ ಸೇರಿದವಳು. ಇಲ್ಲಿ ಹೆಂಗಸರು ಕೂಟದಲ್ಲಿ ಬಾಯಿ ತೆರೆಯುವುದಿಲ್ಲ. ಪ್ರಾರ್ಥನೆಯ ವಿಷಯವಿದ್ದರೆ ಮೊದಲೇ ಹಿರಿಯರಿಗೆ ತಿಳಿಸಬೇಕು. ಅವಳು ಇದುವರೆಗೆ ಒಂದನ್ನೂ ಕೊಟ್ಟಿರಲಿಲ್ಲ. ಅಂಗಡಿ ನಡೆಸುವ ಸಾಮಲ್ ಸಭೆಯ ಹಿರಿಯನೂ ಆಗಿದ್ದ. ಕಾಫಿಪುಡಿಯ ಪೊಟ್ಟಣ ಕೈಗೆ ತೆಗೆದುಕೊಳ್ಳುತ್ತ ಅವಳು ಮೆಲ್ಲಗೆ ಹೇಳಿದಳು. ಅತ್ತೆಯ ಹೆಸರು ಹೇಳುವುದು ಸರಿಯಲ್ಲವೆಂದು ತೋರಿತು. ಮಾನ ಕಾಯುವುದೂ ಒಂದು ಪ್ರೀತಿಯೇ ಎಂದು ತನಗೆ ತಾನೇ ಹೇಳಿಕೊಂಡಳು.

“ನಮ್ಮ ಮನೆಯ ಒಂದು ಆತ್ಮಕ್ಕೋಸ್ಕರ ಪ್ರಾರ್ಥನೆ ಬೇಕಿತ್ತು. ಗೊಣಗೋದು ಬಿಡೋಕಾಗದೆ ಒದ್ದಾಡ್ತಿರೋ ಆತ್ಮ.”

ಸಾಮಲ್ ಅವಳ ಮುಖವನ್ನೇ ನೋಡಿದ. ಅವನ ಕಣ್ಣು ತೇವವಾಯಿತು. “ಇದನ್ನ ಹೇಳೋಕೆ ಗುಂಡಿಗೆ ಬೇಕಮ್ಮ,” ಎಂದ.

ಬುಧವಾರದ ಕೂಟದಲ್ಲಿ ಅವನು ವಿಷಯವನ್ನು ಅವಳ ಮಾತಿನಲ್ಲೇ ಹೇಳಿದ. ಕುರಿ ಸಾಕುವ ಒಬ್ಬ ಮುದುಕ ಎದ್ದು ಕಣ್ಣು ಮುಚ್ಚಿ ಪ್ರಾರ್ಥಿಸಿದ. “ಕರ್ತನೇ, ನಮ್ಮ ತಂಗಿ ಮಾರ್ಯುನ್ ತನ್ನ ನಾಲಿಗೆಯ ಭಾರವನ್ನ ತಾನೇ ನಿನ್ನ ಮುಂದೆ ಇಟ್ಟಿದ್ದಾಳೆ. ಅವಳ ದೀನತೆಯನ್ನ ನೋಡು.” ಮತ್ತೊಬ್ಬ ಎದ್ದ. ಅವನೂ ಅವಳ ಹೆಸರನ್ನೇ ಹೇಳಿದ.

ಮಾರ್ಯುನ್‌ಳ ಕಿವಿ ಸುಟ್ಟಂತಾಯಿತು. ಅಲ್ಲ, ನನ್ನದಲ್ಲ ಎಂದು ಕೂಗಬೇಕೆನಿಸಿತು. ಆದರೆ ಹೆಂಗಸು ಅಲ್ಲಿ ಕೂಗುವಂತಿಲ್ಲ. ಬೆಂಚಿನ ಎರಡೂ ಕಡೆ ಜನ, ಮುಂದೆ ಜನ, ಹೊರಗೆ ಗಾಳಿ. ಅವಳು ತಲೆ ತಗ್ಗಿಸಿದಳು. ಅದನ್ನೂ ಎಲ್ಲರೂ ದೀನತೆ ಎಂದೇ ತಿಳಿದರು.

ಕೂಟ ಮುಗಿದ ಮೇಲೆ ಪಕ್ಕದ ಮನೆಯ ಬಿನಾ ಅವಳನ್ನು ಅಪ್ಪಿಕೊಂಡಳು. “ನನಗೆ ಇಷ್ಟು ವರ್ಷವಾದರೂ ನನ್ನ ಬಗ್ಗೆ ‘ಒಂದು ಆತ್ಮ’ ಅಂತ ಕೊಡೋ ಧೈರ್ಯ ಬಂದಿಲ್ಲ ಕಣೇ!”

“ನಿನ್ನ ಬಗ್ಗೆನಾ?”

“ಮತ್ತಿನ್ಯಾರ ಬಗ್ಗೆ? ಬೇರೆಯವರದಾದ್ರೆ ಹೆಸರು ಹೇಳ್ತೀವಿ. ನಮ್ದಾದ್ರೆ ‘ಒಂದು ಆತ್ಮ’ ಅಂತೀವಿ. ನಾನು ನಾನು ಅನ್ನೋಕೆ ನಾಚಿಕೆ ಅಲ್ವಾ?”

ಅಲ್ಲಿಂದಾಚೆಗೆ ಮಾರ್ಯುನ್‌ಗೆ ಎಲ್ಲೂ ಉಸಿರಾಡುವ ಜಾಗ ಉಳಿಯಲಿಲ್ಲ. ಅಂಗಡಿಯಲ್ಲಿ “ಈ ದರಿದ್ರ ಗಾಳಿ...” ಎಂದು ಶುರುಮಾಡಿದರೆ ಸಾಮಲ್ ಮೃದುವಾಗಿ ನಕ್ಕು, “ಪ್ರಾರ್ಥನೆ ಮಾಡ್ತಾ ಇದ್ದೀವಿ” ಎನ್ನುತ್ತಿದ್ದ. ದಾರಿಯಲ್ಲಿ ಸಿಕ್ಕವರು “ಹೇಗೆ ನಡೀತಿದೆ?” ಎಂದು ಕೇಳುತ್ತಿದ್ದರು. ನಿಜ ಹೇಳಿದರೆ ಅತ್ತೆಯ ಮೇಲೆ ಊರಿಗೇ ಚಾಡಿ ಹೇಳಿದಂತೆ, ಹೇಳದಿದ್ದರೆ ಇಲ್ಲದ ಪುಣ್ಯದ ಅಂಗಿ ತೊಟ್ಟಂತೆ. ಎಲ್ಸ್‌ಬಾಗೆ ಫೋನ್ ಮಾಡಿದರೂ ಆಲೂಗಡ್ಡೆಯ ಮಾತು ಬಾಯಿಗೆ ಬರುವಷ್ಟರಲ್ಲಿ ಆ ಕುರಿಗಾಹಿ ಮುದುಕನ ಪ್ರಾರ್ಥನೆ ಕಿವಿಯಲ್ಲಿ ಕೇಳಿದಂತಾಗಿ ನಾಲಿಗೆ ತಡವರಿಸಿತು. ಆಗಲೇ ಅವಳಿಗೆ ಮೊದಲ ಬಾರಿ ಗಮನಕ್ಕೆ ಬಂದದ್ದು: ಗೊಣಗುವುದನ್ನು ಬಿಟ್ಟರೆ ದಿನದಲ್ಲಿ ತಾನು ಆಡುವ ಮಾತು ಬಹಳ ಕಡಿಮೆ.

ಮನೆಯಲ್ಲಿ ಮುದುಕಿ ಮಾತ್ರ ಎಂದಿನಂತೆಯೇ ಇದ್ದಳು. “ಕಾಫಿ ಇದೇನಾ? ನಾನು ಪಾತ್ರೆ ತೊಳೆದ ನೀರು ಅಂದ್ಕೊಂಡೆ.”

ಮಾರ್ಯುನ್ ಹಿತ್ತಿಲಿಗೆ ನಡೆದಳು. ಮಾಂಸ ಒಣಹಾಕುವ ಮರದ ಕೊಟ್ಟಿಗೆಯೊಳಗೆ ಹೋಗಿ ಅಗುಳಿ ಹಾಕಿದಳು. ಹಲಗೆಗಳ ಸಂದಿಯಿಂದ ಗಾಳಿ ನುಗ್ಗಿ ತೂಗುಹಾಕಿದ ಕುರಿತೊಡೆಗಳನ್ನು ಅಲ್ಲಾಡಿಸುತ್ತಿತ್ತು. ಅಲ್ಲಿ ಅವಳ ಮಾತು ಯಾರಿಗೂ ಕೇಳಿಸುವಂತಿರಲಿಲ್ಲ.

“ನಿನಗೇ ಹೇಳ್ತೀನಿ ಕರ್ತನೇ!” ಎಂದು ಕೂಗಿದಳು. “ಬೇರೆ ಯಾರ ಹತ್ರನೂ ಹೇಳೋ ಹಾಗಿಲ್ಲ, ನೀನೇ ಹಾಗೆ ಮಾಡಿಟ್ಟೆ. ನನಗೆ ಸಾಕಾಗಿದೆ. ಅವಳ ಬಾಯಿ ಸಾಕಾಗಿದೆ. ಅವಳ ಕೆಳಗಿನ ಬಟ್ಟೆ ಬದಲಾಯಿಸಿ ಬದಲಾಯಿಸಿ ನನ್ನ ಬೆನ್ನು ಬಿದ್ದುಹೋಗಿದೆ. ಹಾನುಸ್ ಒಂದು ದಿನ, ಒಂದೇ ಒಂದು ದಿನ, ನೀನು ಹೇಗಿದ್ದೀಯ ಅಂತ ಕೇಳಿಲ್ಲ...”

ಎಲ್ಲವನ್ನೂ ಹೇಳಿದಳು. ಎಲ್ಸ್‌ಬಾ ಆಗಿದ್ದರೆ ಇಷ್ಟು ಹೊತ್ತಿಗೆ “ಹೂಂ, ಆಮೇಲೆ?” ಎನ್ನುತ್ತಿದ್ದಳು. ಇಲ್ಲಿ ಹಾಗೆ ಬೆಂಕಿಗೆ ಎಣ್ಣೆ ಹೊಯ್ಯುವವರಿರಲಿಲ್ಲ. ಸ್ವಲ್ಪ ಹೆಚ್ಚಿಗೆ ಸೇರಿಸಿ ಹೇಳಿದ್ದು ಅವಳಿಗೇ ಗೊತ್ತಾಗಿ, ನಿಲ್ಲಿಸಿ, ಇದ್ದದ್ದನ್ನು ಇದ್ದಂತೆ ಮತ್ತೊಮ್ಮೆ ಹೇಳಿದಳು. ಆತನ ಮುಂದೆ ಉಬ್ಬಿಸಿ ಏನು ಪ್ರಯೋಜನ? ಆಗ ದೂರಿನ ರಾಶಿ ಕುಗ್ಗಿತು. ಕೊನೆಗೆ ಉಳಿದದ್ದು ಒಂದೇ ಮಾತು.

“ನನಗೆ ಹೆದರಿಕೆ ಆಗ್ತಿದೆ ಕರ್ತನೇ. ನನ್ನ ಕೈಯಲ್ಲಿ ಆಗಲ್ಲ.”

ಉತ್ತರವೇನೂ ಬರಲಿಲ್ಲ. ಗಾಳಿಯೂ ತಗ್ಗಲಿಲ್ಲ. ಆದರೂ ಆ ಮಾತನ್ನು ಯಾರೋ ತನ್ನಿಂದ ತೆಗೆದುಕೊಂಡರು, ತೆಗೆದುಕೊಂಡು ಕೆಳಗಿಡಲಿಲ್ಲ ಎಂದು ಅವಳಿಗೆ ಗಟ್ಟಿಯಾಗಿ ತೋರಿತು. ಮರದ ಪೆಟ್ಟಿಗೆಯ ಮೇಲೆ ಕುಳಿತು ಬಹಳ ಹೊತ್ತು ಅತ್ತಳು.

ಒಳಗೆ ಬಂದು ಮಂಚದ ಪಕ್ಕ ನಿಂತಳು.

“ಅತ್ತೆ, ಒಂದು ವಿಷಯ ಹೇಳ್ಬೇಕು. ಅವತ್ತು ಸಭೆಯಲ್ಲಿ ಕೊಟ್ಟಿದ್ದು ನನ್ನ ಬಗ್ಗೆ ಅಲ್ಲ. ನಿಮ್ಮ ಬಗ್ಗೆ.”

“ಗೊತ್ತು,” ಎಂದಳು ಹೆರ್ಬೋರ್. ಹಾಸಿಗೆ ಹಿಡಿದವರಿಗೆ ಕೂಟ ಫೋನಿನಲ್ಲಿ ಕೇಳಿಸುತ್ತದೆ. “ನಿನಗೆ ನಮ್ಮ ಪದ್ಧತಿ ಗೊತ್ತಿಲ್ಲ ಅಂತ ನನಗೆ ಗೊತ್ತಿರಲ್ವಾ? ಆಮೇಲೆ ಬಿನಾ ಬಂದು ನಿನ್ನನ್ನ ಹೊಗಳಿದ್ದೇ ಹೊಗಳಿದ್ದು.”

“ನೀವು ಏನಂದ್ರಿ?”

“ಹೌದಮ್ಮ, ಒಳ್ಳೆ ಹುಡುಗಿ ಅಂದೆ.” ಮುದುಕಿ ಕಿಟಕಿಯತ್ತ ಮುಖ ತಿರುಗಿಸಿದಳು. “ಆ ಚೀಲ ನನಗೂ ಕಾಣ್ಸುತ್ತೆ ಮಾರ್ಯುನ್. ಆ ಕೋಣೆ ಬಾಗಿಲು ಪೂರ್ತಿ ಮುಚ್ಚಲ್ಲ. ನನಗೆ ಬೇಡಿಕೊಳ್ಳೋಕೆ ಬರಲ್ಲ. ಬಾಯಿ ಬಿಟ್ರೆ ಆಲೂಗಡ್ಡೆ ಅಂತಲೇ ಬರುತ್ತೆ.”

ಮಾರ್ಯುನ್ ಮಂಚದ ಅಂಚಿನಲ್ಲಿ ಕುಳಿತಳು. “ಹಾಗಾದ್ರೆ ಆ ಪ್ರಾರ್ಥನೆ ಯಾರ ಲೆಕ್ಕಕ್ಕೆ ಹೋಯ್ತು?”

“ಮನೆ ಒಂದೇ ಅಲ್ವಾ? ಯಾವ ಬಾಯಿ ಅಂತ ಆತನಿಗೆ ಗೊತ್ತಾಗುತ್ತೆ ಬಿಡು.”

ಶನಿವಾರ ಗಾಳಿ ಸಡಿಲಿತು. ದೋಣಿ ಬರುತ್ತದೆಂದು ರೇಡಿಯೊ ಹೇಳಿದ ಕೂಡಲೇ ಎಲ್ಸ್‌ಬಾ ಫೋನ್ ಮಾಡಿದಳು.

“ಹೊರಟ್ಯಾ?”

“ಇಲ್ಲ ಅಕ್ಕಾ. ಬರಲ್ಲ.”

“ಯಾಕೆ? ಮುದುಕಿ ಬದಲಾಗಿಬಿಟ್ಲಾ?”

“ಇಲ್ಲಪ್ಪ. ಬೆಳಿಗ್ಗೆ ನಾನು ಮಾಡಿದ ಗಂಜೀನ ಗೋಡೆಗೆ ಹಚ್ಚೋ ಸುಣ್ಣ ಅಂದ್ಲು.” ಮಾರ್ಯುನ್‌ಗೆ ನಗು ಬಂತು. “ಕಷ್ಟ ಇದ್ದ ಹಾಗೇ ಇದೆ. ದೇವರಿಗೆ ಹೇಳಿದೀನಿ. ಇವತ್ತಿನದನ್ನ ಆತನೇ ದಾಟಿಸ್ತಾನೆ. ನಾಳೇದು ನಾಳೆ ಕೇಳ್ತೀನಿ.”



“ಮತ್ತೆ ನಾವಿಬ್ರು ಏನು ಮಾತಾಡೋದೇ?” ಎಂದಳು ಎಲ್ಸ್‌ಬಾ, ದಿಕ್ಕು ತೋಚದವಳಂತೆ.

ಮಾರ್ಯುನ್ ಯೋಚಿಸಿದಳು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳದಿದ್ದ ಪ್ರಶ್ನೆಯೊಂದು ಹೊಳೆಯಿತು. ಕುರ್ಚಿ ಎಳೆದುಕೊಂಡು ಕುಳಿತಳು.

“ನೀನು ಹೇಗಿದ್ದೀಯಕ್ಕಾ?”