ಒಲೆಗೆ ಹೋದ ಮನೆಪತ್ರ

ಹನ್ನೊಂದು ವರ್ಷ ಕಾರ್ಖಾನೆಯಲ್ಲಿ ಶರ್ಟಿನ ಕಾಲರು ಹೊಲಿದು ಹೊಲಿದು ಯೋರ್ದಾಂಕಾ ಮನೆಯ ಅಡಮಾನ ಬಿಡಿಸಿಕೊಂಡಳು. ಬ್ಯಾಂಕಿನ ಹುಡುಗಿ ದಾರ ಕಟ್ಟಿದ ಕಡತವನ್ನು ಅವಳ ಕೈಗಿಟ್ಟು, "ಜೋಪಾನ ಅಮ್ಮ, ಇನ್ನು ಇದು ನಿಮ್ದೇ" ಎಂದಳು.

ಸಾಲ ಮಾಡಿದವಳು ಯೋರ್ದಾಂಕಾ ಅಲ್ಲ. ಮೈದುನ ಝೆಕೋ ಲಾರಿ ಕೊಳ್ಳುತ್ತೇನೆಂದು ಹಟ ಹಿಡಿದಾಗ, ತಮ್ಮನೆಂದರೆ ಪ್ರಾಣ ಬಿಡುತ್ತಿದ್ದ ಅವಳ ಗಂಡ ಗಾಂಚೋ ಎರಡಂತಸ್ತಿನ ಮನೆಯನ್ನು ಅಡವಿಟ್ಟ. ಮರುವರ್ಷ ಗಾಂಚೋ ಸತ್ತ. ಝೆಕೋ ಲಾರಿಯನ್ನು ಮಾರಿ ತಿಂದು, ಕೆಳಗಿನ ಮನೆಯಲ್ಲಿ ಕಾಲು ಚಾಚಿಕೊಂಡು ಉಳಿದ. ಒಂದು ಕಂತನ್ನೂ ಕಟ್ಟಲಿಲ್ಲ. ಅದೂ ಹೋಗಲಿ ಎನ್ನೋಣ. ಕಾಫಿ ಅಂಗಡಿಯಲ್ಲಿ ಕೂತು, "ಅಣ್ಣನ್ನ ತಿಂದ್ಲು, ಇನ್ನು ಮನೇನೂ ತಿಂತಾಳೆ" ಎಂದು ಊರಿಗೆಲ್ಲ ಹೇಳಿದ. ಆ ಮಾತನ್ನು ಯೋರ್ದಾಂಕಾ ಮರೆತಿರಲಿಲ್ಲ. ಮರೆಯುವ ಜಾಯಮಾನವೂ ಅವಳದಲ್ಲ.

ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಕಡತ ಬಿಚ್ಚಿದಳು. ಮೇಲೆ ಮುದ್ರೆ ಒತ್ತಿದ ಮನೆಪತ್ರ. ಅದರ ಅಡಿಯಲ್ಲಿ ನಾಲ್ಕಾಗಿ ಮಡಚಿದ ಗೀಟುಹಾಳೆ. ಅದರ ಮೇಲೆ ಗಾಂಚೋನ ಕೋಳಿ ಕೆದರಿದಂಥ ಅಕ್ಷರ. ಅಡವಿಟ್ಟ ದಿನವೇ ಅದನ್ನೂ ಒಳಗೆ ಸೇರಿಸಿಟ್ಟಿದ್ದನೇನೋ. 'ನಾನು ಸತ್ತ ಮೇಲೆ ಕೆಳಗಿನ ಮನೆ ನನ್ನ ತಮ್ಮ ಝೆಕೋನಿಗೆ ಸೇರತಕ್ಕದ್ದು. ಅವನಿಗೆ ಬೇರೆ ಯಾರೂ ಇಲ್ಲ.' ಕೆಳಗೆ ತಾರೀಖು, ಸಹಿ.

"ನನಗ್ಯಾರಿದ್ರು?" ಎಂದು ಅವಳು ಗೋಡೆಯ ಮೇಲಿನ ಫೋಟೋವನ್ನು ಕೇಳಿದಳು. ಒಲೆಗೆ ಹಾಕಿಬಿಡುತ್ತೇನೆ ಎಂದು ಎದ್ದಳು, ಕೈ ಬರಲಿಲ್ಲ. ಸತ್ತವರನ್ನು ನೆನೆಯುವ ಶನಿವಾರಗಳಂದು ಬೇಯಿಸಿದ ಗೋಧಿ ಹಿಡಿದು ಗಾಂಚೋನ ಗೋರಿಯ ಮುಂದೆ ನಿಲ್ಲುವವಳು ಅವಳೇ. ಅವನ ಕೈಬರಹವನ್ನು ಸುಟ್ಟು ಅಲ್ಲಿ ಯಾವ ಮುಖ ಹೊತ್ತು ನಿಲ್ಲುವುದು? ಹಾಗಂತ ಎದ್ದು ಹೋಗಿ ಝೆಕೋನ ಕೈಗೆ ಕೊಡಲು, ದೇವರಾಣೆ, ಅವಳು ಅಷ್ಟು ಒಳ್ಳೆಯವಳೂ ಅಲ್ಲ.

ಮರುದಿನ ನೋಟರಿಯ ಬಳಿ ಹೋಗಿ, ಯಾರೋ ಪರಿಚಯದವರ ವಿಷಯವೆಂಬಂತೆ, ಇಂಥ ಎರಡು ಕಾಗದ ಕಳೆದರೆ ಏನಾಗುತ್ತದೆಂದು ಕೇಳಿದಳು.

"ಮನೆಪತ್ರ ಕಳೆದ್ರೆ ತಲೆ ಕೆಡಿಸ್ಕೋಬೇಡಿ ಅನ್ನಿ" ಎಂದಳು ನೋಟರಿ ಹೆಂಗಸು. "ನೋಂದಣಿ ಕಚೇರಿಯ ಪುಸ್ತಕದಲ್ಲಿ ಇರುತ್ತೆ, ನಕಲು ಕೊಡ್ತಾರೆ. ಆದ್ರೆ ಕೈಯಲ್ಲಿ ಬರೆದ ಉಯಿಲು ಒಂದೇ ಒಂದು. ಅದನ್ನ ಬೇಗ ನನ್ನ ಹತ್ರ ತಂದುಕೊಡೋಕೆ ಹೇಳಿ. ಹೋದ್ರೆ ಹೋಯ್ತು ಅಷ್ಟೆ."

"ಹೇಳ್ತೀನಿ" ಎಂದು ಯೋರ್ದಾಂಕಾ ಎದ್ದು ಬಂದಳು.

ಅದೇ ಸಂಜೆ ಅಂಗಳದಾಚೆಯ ಮನೆಯ ಮಿಂಕಾ ಬೇಲಿಗೆ ಒರಗಿ ಸುದ್ದಿ ಹೇಳಿದಳು. "ನಿನ್ನ ಮೈದುನ ನಮ್ಮ ಯಜಮಾನ್ರನ್ನ ಸಾಕ್ಷಿಗೆ ಕರೀತಿದಾನೆ ಕಣೆ. ಹತ್ತು ವರ್ಷದಿಂದ ಕೆಳಗಿನ ಮನೆಗೆ ಝೆಕೋನೇ ಒಡೆಯ ಅಂತ ಮೂರು ಜನ ನೆರೆಯವರು ಹೇಳಿದ್ರೆ ನೋಟರಿ ಅವನ ಹೆಸರಿಗೆ ಹೊಸ ಪತ್ರ ಮಾಡ್ತಾರಂತೆ. ನಿನ್ನ ಹತ್ರ ಇರೋ ಹಳೇದೊಂದು ಇಲ್ದಂಗಾದ್ರೆ ಸಾಕಂತೆ. ಇವ್ರು ಬರಲ್ಲ ಅಂದ್ರು. ಬೇರೆ ಮೂರು ಜನ ಸಿಕ್ಕಿದಾರೆ, ಕುಡಿಸ್ತಿದಾನೆ."

ಕಾಗದ ಹೋದರೆ ಮನೆಯೇ ಹೋಯಿತು ಎಂದು ನಂಬಿದವರು ಸೆವ್ಲಿಯೆವೊ ಊರಿನಲ್ಲಿ ಝೆಕೋ ಒಬ್ಬನೇ ಅಲ್ಲ. ನಿನ್ನೆಯವರೆಗೆ ಯೋರ್ದಾಂಕಾಳೂ ಹಾಗೆಯೇ ನಂಬಿದ್ದಳು. ಈಗ ನಕ್ಕಳು. ಬಹಳ ವರ್ಷಗಳ ಮೇಲೆ ಬಂದ ನಗು, ತಾನೇ ಕೇಳಿ ಸ್ವಲ್ಪ ಹೆದರಿದಳು.

ಸೆಪ್ಟೆಂಬರ್ ತಿಂಗಳು. ಊರಿನ ಅಂಗಳಗಳಲ್ಲೆಲ್ಲ ಕೆಂಪು ದಪ್ಪಮೆಣಸಿನಕಾಯಿ ಸುಡುವ ವಾಸನೆ. ಚಳಿಗಾಲಕ್ಕೆಂದು ಜಾಡಿಗಳಿಗೆ ತುಂಬಿ, ಕಬ್ಬಿಣದ ಪೀಪಾಯಿಯ ನೀರಿನಲ್ಲಿ ಮುಳುಗಿಸಿ, ಕೆಳಗೆ ಕಟ್ಟಿಗೆ ಉರಿಸಿ ಕುದಿಸುತ್ತಾರೆ. ಶುಕ್ರವಾರ ಝೆಕೋ ಅಂಗಳದಲ್ಲಿ ಸಿಕ್ಕ.

"ಬ್ಯಾಂಕಿಂದ ಪತ್ರ ಬಂತಂತೆ ಅತ್ತಿಗೆ. ಜೋಪಾನವಾಗಿ ಇಟ್ಟಿದೀರಾ? ಬೇಕಾದ್ರೆ ನನ್ನ ಕಬ್ಬಿಣದ ಪೆಟ್ಟಿಗೇಲಿ ಇಡೋಣ. ಕಳ್ಳರ ಕಾಲ."

"ನಮ್ಮನೇಗೆ ಹೊರಗಿನ ಕಳ್ಳರು ಬೇರೆ ಬರಬೇಕಾ?" ಎಂದಳು ಯೋರ್ದಾಂಕಾ. "ಊಟದ ಕೋಣೆ ಕಪಾಟಿನಲ್ಲಿದೆ, ಮೇಜುಬಟ್ಟೆಗಳ ಅಡೀಲಿ. ಮನೆ ಬೀಗದ ಕೈ ಯಾವತ್ತಿನ ಹಾಗೆ ಹೂಕುಂಡದ ಕೆಳಗೆ ಇಟ್ಟಿರ್ತೀನಿ. ನಾಳೆ ಗಾಬ್ರೊವೊಗೆ, ಮಗಳ ಮನೆಗೆ ಹೋಗ್ತಿದೀನಿ. ಪೀಪಾಯಿಯ ಬೆಂಕಿ ನೀನು ನೋಡ್ಕೋ. ಎರಡು ಜಾಡಿ ನಿನಗೂ ಕೊಡ್ತೀನಿ."

"ಎರಡೇನಾ?" ಎಂದು ಹಲ್ಲು ಕಿರಿದ.

ಶನಿವಾರ ಬೆಳಿಗ್ಗೆ ಚೀಲ ಹಿಡಿದು ಎಲ್ಲರಿಗೂ ಕಾಣುವಂತೆ ಬಸ್ ನಿಲ್ದಾಣದ ಕಡೆ ನಡೆದಳು. ಹಿಂದಿನ ಓಣಿಯಿಂದ ಬಂದು ಮಿಂಕಾಳ ಮಹಡಿಯ ಕಿಟಕಿಯಲ್ಲಿ ಕೂತಳು. ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಝೆಕೋ ಮೇಲಿನ ಮನೆಯಿಂದ ಕಡತವನ್ನು ಅಂಗಿಯೊಳಗೆ ತುರುಕಿಕೊಂಡು ಇಳಿದ. ಪೀಪಾಯಿಯ ಬಳಿ ಕುಕ್ಕರಗಾಲಲ್ಲಿ ಕೂತು ದಾರ ಸಡಿಲಿಸಿ ಮೇಲಿನ ಹಾಳೆಯನ್ನು ಅರ್ಧ ಎಳೆದು ನೋಡಿದ. ಮುದ್ರೆ ಕಂಡಿತು. ಅಷ್ಟು ಸಾಕಾಯಿತು ಅವನಿಗೆ.

"ಕೂಗೇ" ಎಂದು ಮಿಂಕಾ ಅವಳ ತೋಳು ಹಿಡಿದು ಅಲುಗಿಸಿದಳು. "ಸುಟ್ಟುಬಿಡ್ತಾನೆ. ಕೂಗೇ ಮಾರಾಯ್ತಿ."

ಕೂಗಿದ್ದರೆ ಕೇಳುತ್ತಿತ್ತು. ನಡುವೆ ಇದ್ದದ್ದು ಒಂದು ಬೇಲಿ. 'ಅವನಿಗೆ ಬೇರೆ ಯಾರೂ ಇಲ್ಲ' ಎಂಬ ಸಾಲು ಒಮ್ಮೆ ನೆನಪಿಗೆ ಬಂತು. ಯೋರ್ದಾಂಕಾ ಬಾಯಿ ಬಿಡಲಿಲ್ಲ. ಕಡತ ಇಡಿಯಾಗಿ ಬೆಂಕಿಗೆ ಹೋಯಿತು, ಝೆಕೋ ಮೇಲೊಂದು ಕೊರಡು ಹೇರಿದ. ಪೂರ್ತಿ ಉರಿಯುವವರೆಗೆ ಕಾದು ಅವಳು ಇಳಿದು ಬಂದಳು.

"ಬಸ್ಸು ತಪ್ಪಿತಾ ಅತ್ತಿಗೆ?" ಝೆಕೋನ ಮುಖದಲ್ಲಿ ನೆತ್ತರಿರಲಿಲ್ಲ.

"ನಾನೂ ಮಿಂಕಾನೂ ಕಿಟಕೀಲಿ ಕೂತಿದ್ವಿ."

ಅವನು ಎದೆಯುಬ್ಬಿಸಿದ. "ನೋಡಿದ್ರೆ ನೋಡ್ರಿ. ಈಗ ನಿಮ್ಮ ಹತ್ರ ಏನಿದೆ? ನನ್ನ ಹತ್ರ ಮೂರು ಸಾಕ್ಷಿ ಇದೆ."

"ಮನೆಪತ್ರ ಸರ್ಕಾರದ ಪುಸ್ತಕದಲ್ಲಿದೆ ಕಣೋ. ಸೋಮವಾರ ನಕಲು ಕೇಳ್ತೀನಿ. ನಿನ್ನ ಕುಡುಕ ಸಾಕ್ಷಿಗಳು ಬರಲಿ, ಸುಳ್ಳು ಹೇಳಿ ಜೈಲಿಗೆ ಹೋಗೋ ಆಸೆ ಯಾರಿಗಿದೆ ನೋಡೋಣ. ಅದಿರಲಿ, ಅಡಿಯಲ್ಲೊಂದು ಗೀಟುಹಾಳೆ ಇತ್ತಲ್ಲ, ಓದಿದೆಯಾ?"

"ಯಾವ ಹಾಳೆ?"

ಅವಳಿಗೆ ಬಾಯಿಪಾಠವಾಗಿತ್ತು. ಒಂದಕ್ಷರ ಬಿಡದೆ ಹೇಳಿದಳು, ತಾರೀಖನ್ನೂ ಹೇಳಿದಳು.

ಝೆಕೋ ಕೋಲಿನಿಂದ ಕೆಂಡ ಕೆದಕಿದ. ಆಮೇಲೆ ಕೋಲು ಬಿಸಾಡಿ ಕೈಯನ್ನೇ ಹಾಕಿದ. ಸಿಕ್ಕಿದ್ದು ಕರಿ ಪದರ, ಬೆರಳಿಗೆ ತಾಗಿದ್ದೇ ಪುಡಿಯಾಯಿತು.

"ಇನ್ನೊಂದು ಬರೆಸಿದ್ರಾಯ್ತು" ಎಂದ, ಬುದ್ಧಿ ಎಲ್ಲಿಗೋ ಹೋದವನಂತೆ.

"ಬರೆದ ಕೈ ಮಣ್ಣಲ್ಲಿದೆ."

"ನಿನಗೆ ಗೊತ್ತಿತ್ತು. ಬೇಕೂಂತ ಅಲ್ಲಿಟ್ಟೆ."

"ನನ್ನ ಕಪಾಟು, ನನ್ನ ಕಾಗದ. ನೀನು ಯಾಕೆ ತೆಗೆದೆ?"

ಝೆಕೋ ಬೊಬ್ಬೆಯೆದ್ದ ಬೆರಳನ್ನು ಬಾಯಿಗಿಟ್ಟುಕೊಂಡು ಕೂತ. ಯೋರ್ದಾಂಕಾಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಬೇಕು. ಮಗಳು ಹುಟ್ಟಿದ ದಿನ ಆದಷ್ಟೇ ಸಂತೋಷ.

"ದಿಮಿತ್ರಿ ಹಬ್ಬಕ್ಕೆ ಇನ್ನು ಐದು ವಾರ" ಎಂದಳು. "ಅವತ್ತು ಆಳುಗಳು, ಕುರಿಕಾಯೋರು ವರ್ಷದ ಕೆಲಸ ಮುಗಿಸಿ ಗಂಟು ಕಟ್ತಾರೆ. ನೀನೂ ಕಟ್ಕೋ. ಸದ್ಯ ಬೆಂಕಿ ಆರಿಸಬೇಡ, ಜಾಡಿ ಇನ್ನೂ ಇಪ್ಪತ್ತು ನಿಮಿಷ ಕುದೀಬೇಕು."

ಝೆಕೋ ಎಡಗೈಯಲ್ಲಿ ಇನ್ನೊಂದು ಕೊರಡು ಎತ್ತಿಕೊಂಡ.