ನಾಲ್ಕನೇ ತಟ್ಟೆ

"ಒಂಬತ್ತು ಜನರಲ್ಲಿ ಎಂಟು ಜನ ತಿರುಗಾಮುರುಗಾ ಬರ್ದಿದಾರೆ ನೋಡು!" ಸಸ್ಯಶಾಸ್ತ್ರದ ಮೇಡಂ ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ಕುಕ್ಕಿದರು. "ನಾಲ್ಕನೇ ತಟ್ಟೇಲಿ ಸೈಪ್ರಸ್ ಇಟ್ರೆ ಸೆಲಾಜಿನೆಲ್ಲ ಅಂತಾರೆ, ಐದರಲ್ಲಿ ಸೆಲಾಜಿನೆಲ್ಲ ಇಟ್ರೆ ಸೈಪ್ರಸ್ ಅಂತಾರೆ. ಒಬ್ಬರದ್ದು ನೋಡ್ಕೊಂಡು ಒಬ್ಬರು ಬರೆದಿರೋದೇ ಇದು!"

ಲ್ಯಾಬಿನ ಅಟೆಂಡರಮ್ಮ ತನ್ನ ಪಾಡಿಗೆ ತಟ್ಟೆಗಳನ್ನು ಎತ್ತಿಡುತ್ತಿದ್ದಳು. ಪ್ರಾಯೋಗಿಕ ಪರೀಕ್ಷೆಯ ದಿನ ಮೇಡಂ ಬಾಯಿಗೆ ಸಿಕ್ಕಬಾರದು ಎಂಬುದು ಅವಳಿಗೆ ಹದಿನೈದು ವರ್ಷದಿಂದ ಗೊತ್ತು.

ಮೇಡಂಗೆ ತಲೆ ಚಿಟ್ಟು ಹಿಡಿದಿತ್ತು. ಸೈಪ್ರಸ್, ಮಾಳಿಗೆ ಮೀರಿ ಬೆಳೆಯುವ ಮರ. ಸೆಲಾಜಿನೆಲ್ಲ, ಪಾಚಿಯ ಹಾಗೆ ನೆಲಕ್ಕಂಟಿಕೊಂಡು ಹರಡುವ ಗಿಡ. ಚೂರು ಕತ್ತರಿಸಿಟ್ಟರೆ ಎರಡರ ಎಲೆಯೂ ಚಿಪ್ಪಿನಂತೆ ಪುಟ್ಟದಾಗಿ ಕಾಣುತ್ತದೆ, ತುದಿಯಲ್ಲಿ ಎರಡಕ್ಕೂ ಶಂಕು ಇರುತ್ತದೆ, ನಿಜ. ಆದರೆ ವರ್ಷವಿಡೀ ಗಂಟಲು ಹರಿದುಕೊಂಡಿದ್ದು ಮತ್ತೆ ಯಾತಕ್ಕೆ? ಸರಿಯಾಗಿ ಬರೆದವಳು ಒಬ್ಬಳೇ. ಅದೂ ಮೂರನೇ ಸಲ ಕೂತಿರುವ, ಎಲ್ಲರೂ ಅಳುಬುರುಕಿ ಎನ್ನುವ ಹುಡುಗಿ. ಈ ಸಲವೂ ಫೇಲಾದರೆ ಸಸ್ಯೋದ್ಯಾನದಲ್ಲಿ ಗೊತ್ತಾಗಿರುವ ಕೆಲಸ ಅವಳ ಕೈತಪ್ಪುತ್ತದೆ. ಅವಳೂ ಮೊದಲು ಉಳಿದವರಂತೆಯೇ ಬರೆದಿದ್ದಳು, ಆಮೇಲೆ ಹೊಡೆದುಹಾಕಿ ಅದಲುಬದಲು ಮಾಡಿದ್ದಳು.

"ಇವಳಿಗಾದ್ರೂ ಕೊನೇಲಿ ಬುದ್ಧಿ ಬಂತಲ್ಲ."

"ಬುದ್ಧಿ ಎಲ್ಲಿಂದ ಬಂತು ಮೇಡಂ?" ಅಟೆಂಡರಮ್ಮನಿಗೆ ತಡೆಯಲಾಗಲಿಲ್ಲ. "ನೀವು ಪಕ್ಕದಲ್ಲಿ ನಿಂತು 'ಚ್ಚ್' ಅಂದ್ರಲ್ಲ, ಆಗ ಹೊಡೆದುಹಾಕಿದ್ಲು. ಅಲ್ಲಾ, ಈ ನಾಲ್ಕನೇದು ಮೆತ್ತಗಿದೆ. ಮರದ್ದಾದ್ರೆ ಕಡ್ಡಿ ಥರ ಗಟ್ಟಿ ಇರಲ್ವಾ? ನಾನಂತೂ ಮುಟ್ಟಿಲ್ಲಪ್ಪ, ಇಟ್ಟೋರು ನೀವೇ."

ಮೇಡಂ ತಟ್ಟೆ ಕಸಿದುಕೊಂಡು ಭೂತಗನ್ನಡಿ ಹಿಡಿದರು. ಎರಡು ಪಕ್ಕಕ್ಕೂ ದೊಡ್ಡ ಎಲೆಗಳ ಸಾಲು, ಮೇಲೆ ಸಣ್ಣ ಎಲೆಗಳ ಸಾಲು. ಸೆಲಾಜಿನೆಲ್ಲವೇ! ಬೆಳಿಗ್ಗೆ ಗಡಿಬಿಡಿಯಲ್ಲಿ ತಾವೇ ಅದಲುಬದಲು ಇಟ್ಟಿದ್ದರು. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು. ಎಂಟು ಜನಕ್ಕೂ ಅಂಕ ಕೊಡಬಹುದು. ಆದರೆ ಆ ಹುಡುಗಿ ಹೊಡೆದುಹಾಕಿದ ಸರಿಯುತ್ತರಕ್ಕೆ ಕೊಡುವ ಹಾಗಿಲ್ಲ. ಇನ್ನು ಅವಳನ್ನು ದಾಟಿಸುವುದಿದ್ದರೆ ಬಾಯಲ್ಲಿ ಕೇಳುವ ವೈವಾ ಒಂದೇ.

"ಅವಳನ್ನ ಒಳಗೆ ಕರಿ."

ಹುಡುಗಿ ಬಂದು ಮೇಜಿನಿಂದ ಎರಡು ಹೆಜ್ಜೆ ದೂರವೇ ನಿಂತಳು. ಮೇಡಂ ನಾಲ್ಕನೇ ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

"ಇದೇನು ಹೇಳಮ್ಮ. ಮುಟ್ಟಿ ನೋಡು, ಅವಸರ ಇಲ್ಲ."

ಹುಡುಗಿ ಚೂರನ್ನು ಬೆರಳಲ್ಲಿ ಹಿಡಿದಳು. ಅದನ್ನು ನೋಡಲಿಲ್ಲ. ಮತ್ತೆ 'ಚ್ಚ್' ಬರುತ್ತದೋ ಎಂದು ಮೇಡಂ ತುಟಿಯನ್ನೇ ನೋಡುತ್ತಾ ನಿಂತಳು.

ಮೇಡಂ ಕುರ್ಚಿ ತಿರುಗಿಸಿ, ಅವಳಿಗೆ ಬೆನ್ನು ಹಾಕಿ, ಕಿಟಕಿಯ ಕಡೆ ಮುಖ ಮಾಡಿ ಕೂತರು.