ಕಾಫಿ ಬಣ್ಣದ ತಂತಿ

"ಹಸಿರು ಕೊಡು, ಬಿಳಿ ಗೆರೆ ಇರೋದು," ಎಂದ ತಮ್ಮ, ಡ್ಯಾಶ್‌ಬೋರ್ಡಿನ ಅಡಿಯಿಂದ. ಕಾರಿನ ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಕಾಲು ಮಾತ್ರ.

"ಅದು ಬರೀ ಹಸಿರಲ್ಲ, ಗಿಳಿ ಹಸಿರು," ಎಂದಳು ಅಕ್ಕ, ಕಂತೆಯಿಂದ ತಂತಿ ಬಿಡಿಸಿ ಅವನ ಕೈಗೆ ಇಡುತ್ತಾ.

"ಕರೆಂಟಿಗೆ ಗಿಳಿನೂ ಒಂದೇ, ಪಾರಿವಾಳನೂ ಒಂದೇ."

ಆದರೆ ಅಕ್ಕನಿಗೆ ಒಂದೇ ಅಲ್ಲ. ಇಪ್ಪತ್ತೆರಡು ವರ್ಷ ಅವಳು ದರ್ಜಿಗಳ ಅಂಗಡಿಗೆ ದಾರ, ಗುಂಡಿ, ಜಿಪ್ಪು ಸರಬರಾಜು ಮಾಡಿದವಳು. ದಾರದ ಇನ್ನೂರ ನಲವತ್ತು ಬಣ್ಣ ಅವಳಿಗೆ ಬಾಯಿಪಾಠ. ಕಾರಿನ ಹಿಂದಿನ ಸೀಟಿನ ತುಂಬ ಡಬ್ಬ ಹೇರಿಕೊಂಡು, ಸುತ್ತಲಿನ ಊರುಗಳ ಮೂವತ್ತು ಅಂಗಡಿಗಳನ್ನು ವಾರಕ್ಕೊಮ್ಮೆ ಸುತ್ತಿ ಬರುತ್ತಿದ್ದಳು. ಎಂಟು ತಿಂಗಳ ಹಿಂದೆ ಒಬ್ಬ ದರ್ಜಿಯ ಮುಂದೆ ಗುಂಡಿಯ ಡಬ್ಬ ತೆರೆಯುವಾಗ ಎಡಗೈ ಹೇಳಿದ ಮಾತು ಕೇಳದೆ ಹೋಯಿತು. ಗುಂಡಿಗಳೆಲ್ಲ ನೆಲದ ಮೇಲೆ ಉರುಳಿದವು, ಅವುಗಳ ಹಿಂದೆ ಅವಳೂ.

ಲಕ್ವ ಹೊಡೆದಿತ್ತು. ಮಾತು ಎರಡು ವಾರಕ್ಕೆ ಮರಳಿತು, ಕಾಲು ಎರಡು ತಿಂಗಳಿಗೆ. ಎಡಗೈಯೂ ಸ್ಟೀರಿಂಗ್ ಹಿಡಿಯುವಷ್ಟು ಸುಧಾರಿಸಿತು. ಹೆಬ್ಬೆರಳು ಮಾತ್ರ ಸುಧಾರಿಸಲಿಲ್ಲ. ಇವಳ ಕ್ಲಚ್ಚಿಲ್ಲದ ಆಟೊಮ್ಯಾಟಿಕ್ ಕಾರಿನ ಗೇರಿನ ಹಿಡಿಯಲ್ಲಿ ಪಕ್ಕದ ಗುಂಡಿಯನ್ನು ಆ ಹೆಬ್ಬೆರಳಿನಿಂದಲೇ ಒತ್ತಬೇಕು, ಒತ್ತದಿದ್ದರೆ ಹಿಡಿ ಅಲುಗುವುದಿಲ್ಲ. ಇಡೀ ಮೈಯಲ್ಲಿ ಕೈಕೊಡುವುದಕ್ಕೆ ಬೇರೆ ಬೆರಳು ಸಿಗಲಿಲ್ಲವೇ ಎಂದು ಅವಳು ವೈದ್ಯರನ್ನೇ ಕೇಳಿದ್ದಳು. ಗೇರು ಬಲಗೈಗೆ ಬಂದರೆ ಓಡಿಸಬಹುದು ಎಂದು ಅವರು ಪತ್ರ ಬರೆದುಕೊಟ್ಟರು. ಸೋಮವಾರ ಸಾರಿಗೆ ಇಲಾಖೆಯವರು ಕಾರನ್ನೂ ಅವಳನ್ನೂ ಪರೀಕ್ಷೆ ಮಾಡುವವರಿದ್ದರು. ಅಷ್ಟರಲ್ಲಿ ಬೇರೊಬ್ಬ ವ್ಯಾನಿನಲ್ಲಿ ದಾರ ಹೇರಿಕೊಂಡು ಅವಳ ದಾರಿಯಲ್ಲೇ ತಿರುಗಲು ಶುರು ಮಾಡಿದ್ದ. ಇನ್ನೊಂದು ತಿಂಗಳು ತಮ್ಮನ ಮನೆಯಲ್ಲಿ ಕೂತರೆ ತಾನು ಕೂತೇ ಹೋಗುತ್ತೇನೆ ಎಂಬ ಹೆದರಿಕೆ ಅವಳಿಗೆ. ಆ ಮನೆಯಲ್ಲಿ ನೀರಿನ ಚೊಂಬನ್ನೂ ಅವಳಿಗೆ ಎತ್ತಲು ಬಿಡುತ್ತಿರಲಿಲ್ಲ.

ತಮ್ಮನಿಗೆ ಕಾರಿನ ವೈರಿಂಗೇ ಕಸುಬು. ಅದೇ ಕಂಪನಿಯ ಹೊಸ ಮಾದರಿಯ ಕಾರೊಂದು ಗುಜರಿಗೆ ಬಂದಿತ್ತು. ಅದರಿಂದ ಗೇರಿನ ನಾಲ್ಕು ಒತ್ತುಗುಂಡಿಗಳ ಪಟ್ಟಿ, ಅದಕ್ಕೆ ಹೊಂದುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ತಂತಿಯ ಇಡೀ ಕಂತೆ ಬಿಚ್ಚಿಸಿ ತಂದಿದ್ದ. ಹಳೆಯ ಹಿಡಿ ಎಳೆಯುತ್ತಿದ್ದ ಕೇಬಲ್ಲನ್ನು ಇನ್ನು ಒಂದು ಸಣ್ಣ ಮೋಟಾರು ಎಳೆಯಬೇಕು. ಮೂರು ದಿನದಿಂದ ಮನೆಯ ಪಕ್ಕದ ಶೆಡ್ಡಿನಲ್ಲಿ ಅದೇ ಕೆಲಸ. ಅಕ್ಕ ಸ್ಟೂಲು ಹಾಕಿಕೊಂಡು ತಂತಿಗಳಿಗೆ ನಾಮಕರಣ ಮಾಡುತ್ತಾ ಕೂತಿದ್ದಳು.

"ನನಗೆ ಕಾರು ಕಲಿಸಿದಾಗ್ಲೂ ಹೀಗೇ ತಲೆ ತಿಂದಿದ್ದೆ," ಎಂದ ತಮ್ಮ.

"ತಲೆ ಎಲ್ಲಿ ತಿಂದೆ? ಬಾಯಿ ಮುಚ್ಕೊಂಡು ಹಿಂದಿನ ಸೀಟಲ್ಲಿ ಕೂತಿದ್ದೆ. ಪಕ್ಕದಲ್ಲಿ ಕೂತ್ರೆ ನನ್ನ ಕೈ ಹ್ಯಾಂಡ್‌ಬ್ರೇಕಿಗೆ ಹೋಗುತ್ತೆ, ಆಮೇಲೆ ನೀನು ಕಲಿತ ಹಾಗೇ ಅಂತ."

ಊಟದ ಹೊತ್ತಿಗೆ ಒತ್ತುಗುಂಡಿಗಳ ಪಟ್ಟಿ ಸ್ಟೀರಿಂಗಿನ ಬಲಕ್ಕೆ ಕೂತಿತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಅವಳನ್ನು ಸೀಟಿನಲ್ಲಿ ಕೂರಿಸಿ, ಬ್ರೇಕ್ ತುಳಿದು ಒತ್ತು ಎಂದ. ಅವಳು ಬಲ ಹೆಬ್ಬೆರಳಿನಿಂದ, ಮುಂದಕ್ಕೆ ಹೋಗುವ ಡಿ ಒತ್ತಿದಳು. ಮೋಟಾರು ಗುರ್ರೆಂದಿತು, ಅಕ್ಷರದ ಹಿಂದೆ ದೀಪ ಹತ್ತಿತು. ಹಿಂದಕ್ಕೆ ಹೋಗುವ ಆರ್ ಒತ್ತಿದಳು, ಎನ್ ಒತ್ತಿದಳು, ಮತ್ತೆ ಡಿ, ಕೊನೆಗೆ ಕಾರು ನಿಲ್ಲಿಸಿಡುವ ಪಿ. ಎಂಟು ತಿಂಗಳಲ್ಲಿ ಅಷ್ಟು ಖುಷಿ ಅವಳಿಗೆ ಆಗಿರಲಿಲ್ಲ. ಕಣ್ಣು ತುಂಬಿ ಬಂತು. ತಮ್ಮ ಅದನ್ನು ನೋಡಿಯೂ ನೋಡದವನಂತೆ ಕೈ ತೊಳೆಯಲು ಒಳಗೆ ಹೋದ.

ಕಾರಿನ ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಇನ್ನೂ ಕೂರಿಸಿರಲಿಲ್ಲ. ತಾನೇ ಒತ್ತಿ ಕೂರಿಸೋಣವೆಂದು ಅಕ್ಕ ಬಗ್ಗಿದಳು. ಅಲ್ಲಿ ಎರಡು ತಂತಿಗಳು ಹಿಂದಕ್ಕೆ ಹೋಗಿದ್ದವು, ಎರಡೂ ಕಾಫಿ ಬಣ್ಣ. ಗುಜರಿಯ ಕಂತೆಯಲ್ಲಿದ್ದ ಕಂದು ಇಟ್ಟಿಗೆ ಕಂದು. ಕಾಫಿ ಬಣ್ಣದ ಸುರುಳಿ ಇದ್ದದ್ದು ತಮ್ಮನ ಶೆಡ್ಡಿನ ಗೋಡೆಯ ಮೊಳೆಯಲ್ಲಿ. ಬೇರೆಯವರಾಗಿದ್ದರೆ ಕಂದು ಕಂದೇ ಎಂದು ಪಟ್ಟಿ ಒತ್ತಿ ಮುಚ್ಚಿಬಿಡುತ್ತಿದ್ದರು.

ಅವಳು ತಂತಿಯ ಜಾಡು ಹಿಡಿದು ಡಿಕ್ಕಿಯವರೆಗೆ ಹೋದಳು. ಜಾಕ್ ಇಡುವ ಗೂಡಿನೊಳಗೆ ಬೆರಳಿನಷ್ಟು ದಪ್ಪದ ಒಂದು ಸ್ವಿಚ್ಚು. ಅದನ್ನು ಆಫ್ ಮಾಡಿ ಬಂದು ಕೂತು, ಬ್ರೇಕ್ ತುಳಿದು ಡಿ ಒತ್ತಿದಳು. ಮೋಟಾರು ಉಸಿರೆತ್ತಲಿಲ್ಲ. ಪಿಯ ದೀಪ ಪಿಯಲ್ಲೇ ಉಳಿಯಿತು.

ತಮ್ಮ ಕೈ ಒರೆಸಿಕೊಳ್ಳುತ್ತಾ ಬಂದ.

"ಈ ತಂತಿ ಯಾತಕ್ಕೆ?"

"ಅದಾ, ರಿವರ್ಸ್ ಲೈಟಿಗೆ."

"ರಿವರ್ಸ್ ಲೈಟಿಗೆ ಹಳೇ ತಂತಿನೇ ಸಾಕು ಅಂತ ಬೆಳಿಗ್ಗೆ ನೀನೇ ಹೇಳಿದೆ. ಜಾಕಿನ ಹತ್ರ ಇರೋದನ್ನ ನಾನು ಒತ್ತಿ ನೋಡಿದೆ."

ತಮ್ಮ ಕೈ ಒರೆಸಿದ ಬಟ್ಟೆಯನ್ನು ಕಾರಿನ ಬಾಗಿಲ ಮೇಲೆ ಹಾಕಿದ. "ಬ್ರೇಕ್ ತುಳಿದಿದೀಯ ಅಂತ ಪೆಟ್ಟಿಗೆಗೆ ತಿಳಿಸೋ ತಂತಿ ಅದು. ಅಲ್ಲಿ ಸ್ವಿಚ್ ಆಫ್ ಮಾಡಿದ್ರೆ ಗೇರು ಪಿ ಬಿಟ್ಟು ಬರಲ್ಲ. ಓಡ್ತಿರುವಾಗ ಏನೂ ಆಗಲ್ಲ ಅಕ್ಕ, ಅದನ್ನ ನೋಡಿಯೇ ಹಾಕಿದೀನಿ."

"ಯಾರು ಆಫ್ ಮಾಡೋದು?"

"ನಾನೇ. ದಿನಾ ಬೆಳಿಗ್ಗೆ ನಿನ್ನ ಮುಖ ನೋಡಿ, ಚೆನ್ನಾಗಿದೀಯ ಅನ್ನಿಸಿದ್ರೆ ಆನ್ ಮಾಡೋಣ ಅಂತ. ಒಂದು ಮೂರ್ನಾಲ್ಕು ತಿಂಗಳು."

"ಅನ್ನಿಸದೇ ಇದ್ರೆ?"

"ಏನೋ ಕೆಟ್ಟಿದೆ, ನೋಡ್ತೀನಿ ಅಂತ ಹೇಳೋಣ ಅಂತಿದ್ದೆ."

ಅಕ್ಕನಿಗೆ ಮೈಯೆಲ್ಲ ಉರಿಯಿತು. "ಕಾರು ಕೆಟ್ಟಿದೆ ಅಂತ ನಂಬ್ಕೊಂಡು ನಾನು ನಿನ್ನ ಜಗುಲಿ ಮೇಲೆ ಕೂತಿರ್ಬೇಕಿತ್ತು. ನೀನು ದಿನಾ ಬಂದು ಸುಮ್ಮನೆ ಬಾನೆಟ್ ಎತ್ತಿ ನೋಡ್ಬೇಕಿತ್ತು. ಅಲ್ವಾ?"

"ಅವತ್ತು ಅರ್ಧ ಗಂಟೆ ಮುಂಚೆ ಆಗಿದ್ರೆ ನೀನು ಕಾರು ಓಡಿಸ್ತಾ ಸೇತುವೆ ಮೇಲಿರ್ತಿದ್ದೆ ಅಕ್ಕ. ಕಣ್ಣು ಮುಚ್ಚಿದ್ರೆ ನನಗೆ ಅದೇ ಕಾಣುತ್ತೆ."

ಅಕ್ಕ ಎಡಗೈಯ ಹೆಬ್ಬೆರಳನ್ನು ಬಲಗೈಯಲ್ಲಿ ಹಿಡಿದುಕೊಂಡಳು.

"ನನಗೂ ಕಾಣುತ್ತೆ ಕಣೋ. ನಾನು ಹೆದರ್ಕೊಂಡೇ ಓಡಿಸ್ತೀನಿ. ನೀನು ಹೆದರ್ಕೋಬೇಡ ಅಂತ ನಾನು ಹೇಳಲ್ಲ. ಆದ್ರೆ ನಿನ್ನ ಭಯಾನ ನನ್ನ ಡಿಕ್ಕೀಲಿ ಬಚ್ಚಿಡ್ಬೇಡ. ತೆಗಿ ಅದನ್ನ."

ಹತ್ತು ನಿಮಿಷದ ಕೆಲಸಕ್ಕೆ ತಮ್ಮ ಒಂದು ಗಂಟೆ ತೆಗೆದುಕೊಂಡ. ಕಾಫಿ ಬಣ್ಣದ ತಂತಿಗಳನ್ನು ಎಳೆದು ಹೊರಹಾಕಿದ. ಅದಕ್ಕಾಗಿ ಕತ್ತರಿಸಿದ್ದ ಮೂಲ ತಂತಿಯ ಎರಡು ತುದಿಗಳನ್ನು ಸೇರಿಸಿ ಬೆಸುಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಕೊಳವೆ ಏರಿಸಿ, ಎರಡು ಸಲ ಜಗ್ಗಿ ನೋಡಿದ. ಅವನು ಏನು ಕೇಳಿದರೂ ಅಕ್ಕ ಈಗ ಬಣ್ಣದ ತಕರಾರು ತೆಗೆಯಲಿಲ್ಲ. ಕೇಳಿದ್ದನ್ನು ಕೊಟ್ಟಳು, ಅಷ್ಟೆ.

ಮನೆಯ ಬೀದಿ ಮುಂದೆ ಒಂದು ಗೋಡೆಗೆ ಹೋಗಿ ಮುಗಿಯುತ್ತದೆ, ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ಗೋಡೆಯವರೆಗೆ ಹೋಗಿ ಬರೋಣ ಎಂದಳು ಅಕ್ಕ. ತಮ್ಮನ ಹೆಂಡತಿ ಮನೆಯ ಬಾಗಿಲಿಗೆ ಬಂದು, "ನಿಧಾನ ಅತ್ತಿಗೆ," ಎಂದು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು.

ತಮ್ಮ ಚಕ್ರದ ಕಲ್ಲು ತೆಗೆದ. ಮುಂದಿನ ಬಾಗಿಲು ತೆರೆದು ಒಂದು ಕಾಲು ಒಳಗೆ ಇಟ್ಟ. ಸೀಟುಗಳ ನಡುವೆ ಹಳೆಯ ಗೇರಿನ ಹಿಡಿ ಇದ್ದ ಜಾಗ ಖಾಲಿಯಿತ್ತು, ಅದರ ಹಿಂದೆ ಹ್ಯಾಂಡ್‌ಬ್ರೇಕು ಇತ್ತು. ಅದನ್ನು ನೋಡಿದ. ಕಾಲು ಹಿಂದೆ ತೆಗೆದುಕೊಂಡು ಬಾಗಿಲು ಮುಚ್ಚಿದ. ಹಿಂದಿನ ಬಾಗಿಲು ತೆರೆದು, ಖಾಲಿ ದಾರದ ಡಬ್ಬಗಳನ್ನು ಪಕ್ಕಕ್ಕೆ ಸರಿಸಿ ನಡುವೆ ಕೂತ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಅಕ್ಕ ಬ್ರೇಕ್ ತುಳಿದು ಡಿ ಒತ್ತಿದಳು. ಮೋಟಾರು ಗುರ್ರೆಂದಿತು. ಕನ್ನಡಿಯ ತುಂಬ ತಮ್ಮನ ಮುಖವೇ ಇತ್ತು. ಬೀದಿ ಕಾಣುವವರೆಗೆ ಅದನ್ನು ಸ್ವಲ್ಪ ತಿರುಗಿಸಿ, ಅವಳು ಬ್ರೇಕಿನಿಂದ ಕಾಲು ತೆಗೆದಳು.